ಹದಿನೈದು ಪ್ರಶ್ನೆ, ಎಂಟು ನಿಮಿಷ

ಗುರುವಾರ, ಹನ್ನೊಂದನೇ ತಾರೀಖು
ಆಸ್ಪತ್ರೆಯ ಫೋನ್ ಕೋಣೆ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೆ? ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ನಿನ್ನ ಅಕ್ಕನನ್ನು ಎಷ್ಟು ಬೇಕಾದರೂ ಬೈದುಕೋ. ಆದರೆ ಅರ್ಧ ತಪ್ಪು ನಿನ್ನದೂ ಹೌದು. ಗರ್ಭಕೋಶ ತೆಗೆಸಿಕೊಂಡ ನಾಲ್ಕನೇ ದಿನ ಮಾತಾಡಿದವಳು, ಆಮೇಲೆ ಹದಿನೆಂಟು ದಿನವಾದರೂ ನನ್ನ ಫೋನ್ ಎತ್ತುತ್ತಿಲ್ಲ. ನಿನ್ನ ಗಂಡ ಎತ್ತುತ್ತಾನೆ. "ಮಲಗಿದಾಳೆ ಅಕ್ಕಾ." ಬೆಳಿಗ್ಗೆ ಹನ್ನೊಂದಕ್ಕೂ ಮಲಗಿದಾಳೆ, ಸಂಜೆ ಐದಕ್ಕೂ ಮಲಗಿದಾಳೆ. ಕುಂಭಕರ್ಣನಿಗೂ ಆರು ತಿಂಗಳಿಗೊಮ್ಮೆ ಎಚ್ಚರವಾಗುತ್ತಿತ್ತು ಕಣೇ. ನೀನು ಮಾತಾಡದೆ ನನಗೆ ಊಟ ಸೇರುತ್ತಿಲ್ಲ, ಅದಕ್ಕೇ ಈ ಕಾಗದ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನಿನ್ನಂತೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದ ಹೆಂಗಸರಿಗೆ ಫೋನ್ ಮಾಡಿ ವಿಚಾರಿಸುವುದು. ಹಾಳೆಯಲ್ಲಿ ಹದಿನೈದು ಪ್ರಶ್ನೆ, ಒಬ್ಬರಿಗೆ ಎಂಟು ನಿಮಿಷ, ಪ್ರಶ್ನೆ ಮುಗಿಯುವ ತನಕ ಬೇರೆ ಮಾತಿಲ್ಲ. ಆದರೆ ಫೋನ್ ಎತ್ತುವವರು ಗಂಡಂದಿರು! ಮೊನ್ನೆ ಒಬ್ಬ ದರ್ಜಿ ಸಿಕ್ಕಿದ.

"ಹೊಲಿಗೆ ಹತ್ರ ಕೆಂಪಾಗಿದ್ಯಾ?"

"ನಾನು ದರ್ಜಿ ಸಿಸ್ಟರ್, ಹೊಲಿಗೆ ನಂಗೆ ಗೊತ್ತಾಗಲ್ವಾ? ಒಳ್ಳೇ ಹೊಲಿಗೆ."

"ಮೂತ್ರಕ್ಕೆ ಹೋಗುವಾಗ ಉರಿ?"

"ನಂಗಾ? ಇಲ್ಲಪ್ಪ!"

ಹಣೆ ಹಣೆ ಚಚ್ಚಿಕೊಂಡೆ. ಅವಳಿಗೇ ಕೊಡಿ ಎಂದು ಗದರಿದ ಮೇಲೆ ಆಕೆ ಏದುಸಿರು ಬಿಡುತ್ತ ಬಂದಳು. ಆರನೇ ದಿನಕ್ಕೇ ತಾರಸಿಯಲ್ಲಿ ಹೊದಿಕೆ ಒಣಹಾಕುತ್ತಿದ್ದಳಂತೆ.

"ಬಕೆಟ್ ಎತ್ಬೇಡಿ ಅಂತ ಹೇಳಿರ್ಲಿಲ್ವಾ?"

"ತುಂಬಿದ್ ಬಕೆಟ್ ಎತ್ತಿಲ್ಲ ಸಿಸ್ಟರ್. ಅರ್ಧರ್ಧ ಮಾಡ್ಕೊಂಡು ನಾಲ್ಕು ಸಲ ಹತ್ತಿದೆ."

ನಾವು ಚಾಪೆ ಕೆಳಗೆ ತೂರಿದರೆ ಈ ಹೆಂಗಸರು ರಂಗೋಲಿ ಕೆಳಗೆ ತೂರುತ್ತಾರೆ. ಹತ್ತನೇ ಪ್ರಶ್ನೆ, ರಕ್ತ ಹೋಗುತ್ತಿದೆಯೇ ಎಂದಾಗ ಆಕೆ ಗಂಡನಿಗೆ, "ರೀ, ಒಂದ್ ಲೋಟ ನೀರ್ ತನ್ನಿ" ಎಂದಳು. ನಾನು ಕಾದೆ. ಗಂಡ ಆಚೆ ಹೋದ ಮೇಲೆ ಮೆಲ್ಲಗೆ, "ಬೆಳಿಗ್ಗೆಯಿಂದ ಐದು ಪ್ಯಾಡ್ ಆಯ್ತು. ಇವ್ರ ಮುಂದೆ ಹೇಗ್ ಹೇಳ್ಲಿ?" ಎಂದಳು. ದರ್ಜಿಯನ್ನು ಮತ್ತೆ ಕರೆಸಿ, ಬೈದು, ಆಗಲೇ ಕರೆತರುವಂತೆ ಮಾಡಿದೆ. ಒಳಗಿನ ಹೊಲಿಗೆ ಬಿಟ್ಟಿತ್ತು. ಈಗ ವಾರ್ಡಿನಲ್ಲಿ ಕ್ಷೇಮವಾಗಿದ್ದಾಳೆ.

ಮೇಲ್ವಿಚಾರಕಿ ನನ್ನ ಬೆನ್ನು ತಟ್ಟಿದಳು ಅಂದುಕೊಂಡೆಯಾ? "ಒಂದೇ ಫೋನಿಗೆ ಇಪ್ಪತ್ತೆರಡು ನಿಮಿಷ ಏನ್ ಹರಟೆ ಹೊಡೀತಿದ್ರಿ?" ಎಂದು ಕೇಳಿದಳು. ಮೈಯೆಲ್ಲ ಉರಿದುಹೋಯಿತು.

ನೀನು ಭಾರ ಎತ್ತಬೇಡ. ಮೆಟ್ಟಿಲು ನಿಧಾನಕ್ಕೆ ಹತ್ತು. ನೂರು ಕಾಲ ಬಾಳು ಗುಬ್ಬಿ, ನನ್ನ ಮೇಲೆ ರೇಗಿಕೊಂಡಾದರೂ ಬಾಳು.

ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ.: ಆ ನಾಲ್ಕನೇ ದಿನ ನೀನು ಫೋನ್ ಎತ್ತಿದ ತಕ್ಷಣ, "ಅಕ್ಕಾ, ಇನ್ನು ನಂಗೆ ಮಗು…" ಎಂದೆ. "ಅದೆಲ್ಲ ಆಮೇಲೆ, ಮೊದ್ಲು ಜ್ವರ ಎಷ್ಟಿದೆ ಹೇಳು" ಎಂದೆ ನಾನು. ಹದಿನೈದು ಪ್ರಶ್ನೆಗೂ ನೀನು ಒಂದೊಂದಾಗಿ ಉತ್ತರ ಕೊಟ್ಟೆ. ಎಲ್ಲಾ ಸರಿ ಇದೆ, ಮಲಕ್ಕೋ ಎಂದು ಹೇಳಿ ನಾನೇ ಫೋನ್ ಇಟ್ಟೆ. ನೀನು ಅಳುತ್ತಿದ್ದೆ. ನನಗೆ ಕೇಳಿಸುತ್ತಿತ್ತು ಗುಬ್ಬಿ.