ಎದುರು ಕುರ್ಚಿ

ಸೆಂಡೈ, ಶನಿವಾರ

ಅಪ್ಪನಿಗೆ ನಾಗಿಸಾ ಮಾಡುವ ನಮಸ್ಕಾರಗಳು.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಅಕ್ಕಿಯ ಆಮದು ಸುಂಕ ತೆಗೆಯಬೇಕೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ವಾದಿಸುತ್ತೇನೆ ಎಂದಾಗ, "ನಾನು ಬೆಳೆದ ಅನ್ನ ತಿಂದು ನನ್ನ ಹೊಟ್ಟೆ ಮೇಲೇ ಹೊಡೀತೀಯಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟಿರಿ.

ವಾದದಲ್ಲಿ ನಾನೇ ಗೆದ್ದೆ. ಹೊರಗಿನ ಅಕ್ಕಿ ಬಂದರೆ ನಗರದ ಮನೆಗಳಲ್ಲಿ ಊಟದ ಖರ್ಚು ಇಳಿಯುತ್ತದೆ ಎಂದು ತೋರಿಸಿದೆ. ಅದನ್ನು ಈಗಲೂ ನಂಬಿದ್ದೇನೆ. ಚಪ್ಪಾಳೆ ನಿಂತ ಮೇಲೆ ನಮ್ಮ ಅಧ್ಯಾಪಕಿ ಕುರೋಸೆ ಮೇಡಂ ಕೇಳಿದರು: "ಸರಿ, ಇದ್ರಲ್ಲಿ ಕಳ್ಕೊಳ್ಳೋರು ಯಾರು?"

"ನಮ್ಮಪ್ಪ" ಅಂದೆ. ಯಾರೂ ನಗಲಿಲ್ಲ.

"ಅವರಿಗೇನು ಕೊಡ್ತೀಯ?"

"ಅಗ್ಗದ ಅಕ್ಕಿಯಿಂದ ಗೆದ್ದವರ ಲಾಭದಲ್ಲಿ ಪಾಲು."

"ಅಷ್ಟು ಸಾಕಾ ಅಂತ ಅವರನ್ನ ಕೇಳಿದ್ದೀಯಾ?"

ಕೇಳಿರಲಿಲ್ಲ. ಆದ್ದರಿಂದ ಗುರುವಾರ ನೀವು ತರಗತಿಗೆ ಬರಬೇಕು. ಮೇಡಂ ಒಪ್ಪಿದ್ದಾರೆ. ಅಷ್ಟರಲ್ಲಿ ನಾಟಿ ಮುಗಿದಿರುತ್ತದೆ, ಬೆಳಗಿನ ಬಸ್ಸು ಹಿಡಿದರೆ ಸಾಕು. ಸೂಟು ಬೇಡ, ರೈತ ಸಂಘದ ಸಭೆಗೆ ಹಾಕುವ ಜಾಕೆಟ್ಟೇ ಇರಲಿ. ನಿಮ್ಮ ಎದುರು ಕುರ್ಚಿಯಲ್ಲಿ ನಾನಿರುತ್ತೇನೆ. ಮಗಳೆಂದು ಬಿಟ್ಟುಕೊಡಬೇಡಿ. ಅಪ್ಪನೆಂದು ನಾನೂ ಬಿಟ್ಟುಕೊಡುವುದಿಲ್ಲ.

ಬರುತ್ತೀರೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ನಿಮ್ಮ ಮಗಳು,
ನಾಗಿಸಾ