ನಾಲಿಗೆಯ ಕೆಳಗಿನ ಗಾಯ

ಬಾಗೂರು

ಮಗಳೇ ನಿಸರ್ಗ,

ಇಡೀ ಹಾಸನ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕನ್ನು ನಿಂತುಕೊಂಡೇ ಸೋಲಿಸಿದ ಗಂಡಸು ನಿನ್ನ ದೊಡ್ಡಪ್ಪ ಒಬ್ಬನೇ. ಗಂಟಲಿನ ಕೊಳವೆ ತೆಗೆದು ಮನೆಗೆ ಕಳಿಸಿದ್ದಾರೆ. ಇನ್ನೂ ಹೆಚ್ಚು ಮಾತಾಡಬಾರದಂತೆ, ಅದಕ್ಕೇ ಈ ಕಾಗದ.

ನನಗೆ ಹೀಗಾದದ್ದು ನಿನ್ನ ತಪ್ಪಿನಿಂದ ಎಂದುಕೊಂಡು ನೀನು ನರ್ಸಿಂಗ್ ಕಾಲೇಜಿಗೆ ಹೋಗುವುದಿಲ್ಲ ಎನ್ನುತ್ತಿದ್ದೀಯಂತೆ, ನಿಮ್ಮವ್ವ ಹೇಳಿದಳು. ಆಸ್ಪತ್ರೆಯ ಫಾರಂ ತುಂಬುವಾಗ, "ಎಲ್ಲಾದ್ರೂ ಗಾಯ ಆಗೈತಾ ದೊಡ್ಡಪ್ಪ?" ಎಂದು ನೀನು ಸರಿಯಾಗಿಯೇ ಕೇಳಿದೆ. "ಒಂದು ತರಚೂ ಇಲ್ಲ ಕಣವ್ವಾ" ಎಂದವನು ನಾನು. ನೀನು ಅದನ್ನೇ ಬರೆದೆ.

ಹಿಂದಿನ ದಿನ ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರುಕಟ್ಟೆಯಲ್ಲಿ, ಹಲ್ಲಲ್ಲೇ ಕಾಯಿ ಸುಲಿಯುತ್ತೇನೆಂದು ಹುಲಿಯಪ್ಪನ ಜೊತೆ ಪಂದ್ಯ ಕಟ್ಟಿದ್ದೆ. ಮಟ್ಟೆಯ ಚೂಪು ನಾಲಿಗೆಯ ಕೆಳಗೆ ಚುಚ್ಚಿತು. "ಬುಡು ರಂಗಣ್ಣ, ಬಾಯೆಲ್ಲಾ ನೆತ್ರು!" ಎಂದು ಅವನು ಕೂಗಿದರೂ ನಾನು ಬಿಡಲಿಲ್ಲ. ಸೋತದ್ದನ್ನು ನಿನ್ನ ಮುಂದೆ ಹೇಳಲು ನಾಚಿಕೆಯಾಯಿತು.

ಓದಿದವಳು ನೀನು, ಒಂದು ವಿಷಯ ತಿಳಿಸು. ಎದೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಲೆಂದು ಕೈಗೆ ಕೊಟ್ಟ ಇಂಜೆಕ್ಷನ್, ಬಾಯೊಳಗೆ ಮುಚ್ಚಿಕೊಂಡಿದ್ದ ಆ ಚಿಕ್ಕ ಗಾಯವನ್ನು ಹೇಗೆ ಹುಡುಕಿತು? ಒಳಗೇ ರಕ್ತ ಸೋರಿ, ನಾಲಿಗೆ ಬದನೆಕಾಯಿಯಂತೆ ಊದಿ, ಉಸಿರಿನ ದಾರಿಯನ್ನೇ ಮುಚ್ಚಿತಲ್ಲ! ಇಂಥದ್ದು ಬಹಳ ಅಪರೂಪ ಎಂದರು ಡಾಕ್ಟರು. ಅಷ್ಟರಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಸೋಮವಾರ ಕಾಲೇಜಿಗೆ ಹೋಗಿ, ಕೇಳಿಕೊಂಡು ಬಂದು ಉತ್ತರ ಬರಿ. ಈ ಕಾಗದವನ್ನು ಡಾಕ್ಟರಿಗೂ ತೋರಿಸು. ಐದು ಸಾವಿರದ ಪಂದ್ಯ ಎಂದು ಹುಲಿಯಪ್ಪ ಹೇಳಿದರೆ ನಂಬಬೇಡ, ಹಾಗೆ ಹೇಳೆಂದು ಕಲಿಸಿದವನೂ ನಾನೇ. ಸೋತದ್ದು ಇಪ್ಪತ್ತು ರೂಪಾಯಿ.

ನಿನ್ನ ದೊಡ್ಡಪ್ಪ,
ರಂಗಸ್ವಾಮಿ