ಕತ್ತರಿಸಿದ ಹನ್ನೊಂದು ಸೆಕೆಂಡು

ಅಕ್ಕಾ,

ಇವತ್ತು ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಕ್ಷೌರದಂಗಡಿಯವನು ತನ್ನ ಫೋನನ್ನು ನನ್ನ ಮುಖದೆದುರು ಹಿಡಿದ. "ನೋಡಿ ಸಾರ್, ಲಾಕ್‌ಡೌನ್ ಟೈಮಲ್ಲಿ ಆಸ್ಪತ್ರೆಯೆಲ್ಲಾ ಖಾಲಿ ಹೊಡೀತಿತ್ತು. ಕಾಯಿಲೆ ಕಾಯಿಲೆ ಅಂತ ನಮ್ಮಂಥೋರ ಕಿವಿ ಮೇಲೆ ಹೂ ಇಟ್ರು."

ಅದು ನಾನೇ ತೆಗೆದ ವಿಡಿಯೋ. ನಿನಗೆ ಊಟದ ಡಬ್ಬಿ ಕೊಡಲು ಬಂದ ದಿನದ್ದು. ಔಷಧಿ ಸಿಂಪಡಿಸಲೆಂದು ನೀನು ಡ್ಯೂಟಿಯಲ್ಲಿದ್ದ ವಾರ್ಡಿನ ಹೊರಗಿನ ಕಾರಿಡಾರನ್ನು ಆಗಷ್ಟೇ ಖಾಲಿ ಮಾಡಿಸಿದ್ದರು. ಅದು ನನಗೆ ಗೊತ್ತಿತ್ತು. ಆದರೂ, ನನ್ನ ಟೈಲರ್ ಅಂಗಡಿ ಮುಚ್ಚಿಸಿ ಎರಡು ತಿಂಗಳಾಗಿದ್ದ ಸಿಟ್ಟಿಗೆ, 'ಕಾಯಿಲೆ ಎಲ್ಲಿದೆ? ಬೀಗ ಬಡವರ ಅಂಗಡಿಗೆ ಮಾತ್ರ!' ಎಂದು ಬರೆದು ಹಾಕಿದೆ. ಸಂಜೆಯೊಳಗೆ ಊರಿಗೆ ಊರೇ ಹಂಚಿತು. ಲೈಕು ನೋಡುತ್ತಾ ಉಬ್ಬಿಹೋದೆ.

ಮರುದಿನ ನರ್ಸ್ ಸಮವಸ್ತ್ರದಲ್ಲಿದ್ದ ನಿನ್ನನ್ನು ಜನ 'ಸುಳ್ಳು ಕಾಯಿಲೆ ಹಬ್ಬಿಸೋರು' ಎಂದು ಬೈದು ಬಸ್ಸಿನಿಂದ ಇಳಿಸಿದರು. "ಯಾರೋ ತಲೆಕೆಟ್ಟೋನು ಏನೋ ಹಾಕಿದಾನೆ ಕಣೋ" ಎಂದು ನೀನು ನನ್ನ ಹತ್ತಿರವೇ ಹೇಳಿಕೊಂಡೆ. ನಾನು ಹೂಂ ಎಂದೆ. ತಿಂಗಳು ತುಂಬುವುದರೊಳಗೆ ಅದೇ ಕಾಯಿಲೆಯಿಂದ, ಅದೇ ವಾರ್ಡಿನಲ್ಲಿ ನೀನು ತೀರಿಕೊಂಡೆ.

ಇವತ್ತು ಕ್ಷೌರದಂಗಡಿಯವನಿಗೂ ಹೂಂ ಎಂದೇ ಎದ್ದು ಬಂದೆ.

ಅವನ ಫೋನಿನಲ್ಲಿ ಆ ವಿಡಿಯೋ ನಾನು ಕತ್ತರಿಸಿದಲ್ಲಿಗೇ ಮುಗಿಯುತ್ತದೆ. ನನ್ನ ಫೋನಿನಲ್ಲಿ ಇನ್ನೂ ಹನ್ನೊಂದು ಸೆಕೆಂಡು ಇದೆ. ಬಾಗಿಲು ತೆರೆಯುತ್ತದೆ. ಬೆವರಿನಲ್ಲಿ ತೊಯ್ದ ನೀನು ಡಬ್ಬಿಗೆ ಕೈಚಾಚಿ ಕೇಳುತ್ತೀಯ: "ನೀನು ಉಂಡ್ಯೇನೋ?"